ಮೋಷನ್ ಸೆನ್ಸರ್ ನೈಟ್ ಲೈಟ್ ಆರಿಸುವುದು ಹೇಗೆ: ಜಾಗ ಮೊದಲು, ಲೈಟ್ ಆಮೇಲೆ

ಸೆನ್ಸರ್ ನೈಟ್ ಲೈಟ್ ತಂದವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮಗ್ಗುಲು ಬದಲಿಸಿದರೂ ಹತ್ತಿಕೊಳ್ಳುತ್ತದೆ, ಬಚ್ಚಲಿಗೆ ಹೊರಟಾಗ ಮಾತ್ರ ಹತ್ತುವುದಿಲ್ಲ. ಹದಿನೈದು ದಿನಕ್ಕೆ ಸೆಲ್ ಖಾಲಿ. ಬೆಳಕು ನೇರ ಕಣ್ಣಿಗೇ ಹೊಡೆಯುತ್ತದೆ. ಕೊನೆಗೆ ಲೈಟ್ ಡ್ರಾಯರ್ ಸೇರುತ್ತದೆ, ಮನೆಯ ಹಿರಿಯರು ಮತ್ತೆ ಗೋಡೆ ತಡವುತ್ತಾ ನಡೆಯುತ್ತಾರೆ.

ಇದರಲ್ಲಿ ಲೈಟಿನ ತಪ್ಪು ಕಡಿಮೆ. ಮೊದಲು ಲೈಟ್ ಕೊಂಡು, ಆಮೇಲೆ ಅದಕ್ಕೆ ಜಾಗ ಹುಡುಕುವುದರಿಂದಲೇ ಇಷ್ಟೆಲ್ಲ ಫಜೀತಿ. ಅದಕ್ಕೇ ಇಲ್ಲಿ ಅಂಗಡಿಯ ಮಾತು ಆರನೇ ಹಂತದಲ್ಲಿ ಬರುತ್ತದೆ. ಅಲ್ಲಿಯವರೆಗೆ ದುಡ್ಡು ಬಿಚ್ಚಬೇಡಿ.

## ಕೈಯಲ್ಲಿ ಇರಬೇಕಾದ್ದು

ಅಳತೆ ಟೇಪ್, ಪೇಪರ್ ಟೇಪ್ (ಪೇಂಟ್ ಮಾಡುವವರು ಅಂಚಿಗೆ ಅಂಟಿಸುತ್ತಾರಲ್ಲ, ಅದು), ವೈರಿಗೆ ಸುತ್ತುವ ಕಪ್ಪು ಟೇಪ್, ಒಂದು ಒಣಬಟ್ಟೆ, ಪೆನ್ನು, ಚೀಟಿ. ಡ್ರಿಲ್ ಬೇಕಾಗುವುದು ತೀರಾ ಕಡಿಮೆ. ಬಾಡಿಗೆ ಮನೆಯಲ್ಲಂತೂ ಅದರ ಯೋಚನೆಯೇ ಬೇಡ.

## ಹಂತ 1: ಕತ್ತಲಲ್ಲಿ ಒಮ್ಮೆ ನಡೆದು ನೋಡಿ

ರಾತ್ರಿ ಎಲ್ಲ ಲೈಟೂ ಆರಿಸಿ ಐದು ನಿಮಿಷ ಸುಮ್ನೆ ಮಂಚದ ಮೇಲೆ ಕೂತಿರಿ. ಕಣ್ಣು ಸ್ವಲ್ಪ ಕತ್ತಲೆಗೆ ಒಗ್ಗಲಿ. ಆಮೇಲೆ ಮಂಚದಿಂದ ಬಚ್ಚಲಿಗೆ, ಮಂಚದಿಂದ ಅಡುಗೆಮನೆಗೆ ನಿಧಾನ ನಡೆಯಿರಿ. ಎಲ್ಲಿ ಕೈ ತಾನಾಗಿ ಗೋಡೆಗೆ ಹೋಗುತ್ತದೋ, ಎಲ್ಲಿ ಕಾಲು ತಡೆಯುತ್ತದೋ, ಅಲ್ಲಿ ನೆಲಕ್ಕೆ ಪೇಪರ್ ಟೇಪಿನ ಒಂದು ತುಂಡು ಅಂಟಿಸಿ. ಮನೆಯಲ್ಲಿ ಅಪ್ಪ ಅಮ್ಮ ಇದ್ದರೆ ಅವರು ನಡೆಯುವುದನ್ನೂ ನೋಡಿ. ಅವರು ಹಿಡಿದುಕೊಳ್ಳುವ ಜಾಗ ನಿಮ್ಮದಕ್ಕಿಂತ ಬೇರೆಯೇ ಇರುತ್ತದೆ.

ಹೆಚ್ಚಿನ ಮನೆಗಳಲ್ಲಿ ಟೇಪ್ ಬೀಳುವುದು ಇಲ್ಲೆಲ್ಲ: ಮಂಚದಿಂದ ಕಾಲು ಇಳಿಸುವ ಕಡೆ, ಕೋಣೆಯ ಹೊಸ್ತಿಲು, ಪ್ಯಾಸೇಜಿನ ತಿರುವು, ಬಚ್ಚಲಿನ ಬಾಗಿಲಲ್ಲಿ ನೆಲ ಒಂದೆರಡು ಇಂಚು ತಗ್ಗುವ ಅಂಚು, ಮೆಟ್ಟಿಲಿನ ಮೊದಲನೆಯದು ಮತ್ತು ಕೊನೆಯದು. ಪ್ರತಿ ಟೇಪಿಗೂ ಒಂದು ಲೈಟ್ ಬೇಕಿಲ್ಲ. ಆರು ಅಡಿ ಒಳಗಿರುವ ಎರಡು ಜಾಗಕ್ಕೆ ಒಂದೇ ಲೈಟ್ ಸಾಕು.

ಈಗ ಪ್ರತಿ ಗುರುತಿನ ಹತ್ತಿರ ನಿಂತು ಚೀಟಿಯಲ್ಲಿ ಬರೆದುಕೊಳ್ಳಿ: ಪ್ಲಗ್ ಪಾಯಿಂಟ್ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ, ಆ ಪಾಯಿಂಟಿಗೆ ಇನ್ವರ್ಟರ್ ಲೈನ್ ಇದೆಯಾ, ಹತ್ತಿರ ಫ್ರಿಜ್ಜೋ ಎಸಿಯೋ ದೇವರ ದೀಪವೋ ಇದೆಯಾ, ಬೀದಿದೀಪದ ಬೆಳಕು ಬೀಳುತ್ತದಾ. ಇನ್ವರ್ಟರ್ ಲೈನ್ ಗೊತ್ತಿಲ್ಲದಿದ್ದರೆ ಮೇನ್ ಎಂಸಿಬಿ (ಮನೆಯ ಕರೆಂಟನ್ನೆಲ್ಲ ನಿಲ್ಲಿಸುವ ಸ್ವಿಚ್) ಇಳಿಸಿ, ಯಾವ ಪಾಯಿಂಟಿನಲ್ಲಿ ಮೊಬೈಲ್ ಚಾರ್ಜ್ ಆಗುತ್ತದೆ ಎಂದು ನೋಡಿ. ಈ ಚೀಟಿಯೇ ನಿಮ್ಮ ಶಾಪಿಂಗ್ ಲಿಸ್ಟ್.

## ಹಂತ 2: ಕರೆಂಟ್ ಎಲ್ಲಿಂದ ಎಂದು ತೀರ್ಮಾನಿಸಿ

ಪ್ಲಗ್ಗಿಗೆ ಸಿಕ್ಕಿಸುವ ಲೈಟ್. ಸೆಲ್ಲಿನ ಗೋಜಿಲ್ಲ, ಚಾರ್ಜ್ ಮಾಡುವ ನೆನಪು ಬೇಕಿಲ್ಲ. ಆದರೆ ನಮ್ಮ ಕಡೆ ಸ್ವಿಚ್ ಬೋರ್ಡ್ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಮಂಚ ಒಂದೂವರೆ ಅಡಿ, ಕೂತವರ ಕಣ್ಣು ಅಲ್ಲಿಂದ ಎರಡೂವರೆ ಅಡಿ ಮೇಲೆ. ಲೆಕ್ಕ ಹಾಕಿ, ಎದ್ದು ಕೂತವರ ಕಣ್ಣಿಗೆ ಸರಿಯಾಗಿ ಹೊಡೆಯುವ ಎತ್ತರ ಅದು! ಡಬ್ಬಿಯ ಮೇಲಿನ ಚಿತ್ರದಲ್ಲಿ ಪಾದದ ಪಕ್ಕ ಮುದ್ದಾಗಿ ಉರಿಯುವ ಲೈಟ್ ಹೊರದೇಶದ ಗೋಡೆಯದು. ನಮ್ಮಲ್ಲಿ ಕೆಳಗೊಂದು ಪಾಯಿಂಟ್ ಇದ್ದರೂ ಅದನ್ನು ಸೊಳ್ಳೆ ಮಷಿನ್ನೋ ಮೊಬೈಲ್ ಚಾರ್ಜರೋ ಹಿಡಿದುಕೊಂಡಿರುತ್ತದೆ. ಅದಕ್ಕೆಂದು ಸಡಿಲವಾದ ತ್ರೀ-ವೇ ಅಡಾಪ್ಟರ್ ನೇತುಹಾಕಬೇಡಿ. ಕೆಳಗಿನ ಪಾಯಿಂಟ್ ಖಾಲಿ ಇದ್ದರೆ ಮಾತ್ರ ಈ ಜಾತಿ ನಿಮಗೆ.

ಆನ್‌ಲೈನ್‌ನಲ್ಲಿ ತರಿಸುವಾಗ ಪಿನ್ ನೋಡಿ. ಚಪ್ಪಟೆ ಪಿನ್ ಇದ್ದರೆ ಅದು ಅಮೆರಿಕದಂಥ 110-120 ವೋಲ್ಟ್ ದೇಶಕ್ಕೆ ಮಾಡಿದ್ದಿರಬಹುದು. ನಮ್ಮದು 230 ವೋಲ್ಟ್. ಕನ್ವರ್ಟರ್ ಪಿನ್ ಹಾಕಿ ಸಿಕ್ಕಿಸಿದರೆ ಪಿನ್ ಹೊಂದುತ್ತದೆ, ವೋಲ್ಟೇಜ್ ಹೊಂದುವುದಿಲ್ಲ.

ಸೆಲ್ ಹಾಕುವ ಲೈಟ್. ಎಲ್ಲಿ ಬೇಕಾದರೂ ಅಂಟಿಸಬಹುದು, ಕರೆಂಟ್ ಹೋದರೂ ಉರಿಯುತ್ತದೆ. ಆದರೆ ಸೆಲ್ ಎಷ್ಟು ದಿನ ಬರುತ್ತದೆ ಎನ್ನುವುದು ಎಷ್ಟು ಸಲ ಹತ್ತುತ್ತದೆ ಎನ್ನುವುದರ ಮೇಲೆ ನಿಂತಿದೆ. ಸಾಲಾಗಿ ಮೂರು ಎಎಎ ಆಲ್ಕಲೈನ್ ಸೆಲ್ ಹಾಕಿದರೆ ಸಿಗುವುದು ಸುಮಾರು 1000 ಎಂಎಎಚ್ (ಮಿಲಿಆಂಪ್-ಗಂಟೆ, ಸೆಲ್ಲಿನಲ್ಲಿ ಎಷ್ಟು ಕರೆಂಟ್ ತುಂಬಿದೆ ಎನ್ನುವ ಅಳತೆ). ಲೈಟ್ ಉರಿಯುವಾಗ 80 ಮಿಲಿಆಂಪ್ ಎಳೆಯುತ್ತದೆ, ಒಮ್ಮೆಗೆ 20 ಸೆಕೆಂಡ್ ಉರಿಯುತ್ತದೆ ಅಂದುಕೊಳ್ಳಿ. ದಿನಕ್ಕೆ 20 ಸಲ ಹತ್ತಿದರೆ ಸುಮಾರು ಮೂರೂವರೆ ತಿಂಗಳು ಬರುತ್ತದೆ. ಎಲ್ಲರೂ ಓಡಾಡುವ ಪ್ಯಾಸೇಜಿನಲ್ಲಿ 150 ಸಲ ಹತ್ತಿದರೆ? ಎರಡು ವಾರ. ಡಬ್ಬಿಯ ಮೇಲೆ ‘ಒಂದು ವರ್ಷ’ ಎಂದು ಬರೆದವರು ದಿನಕ್ಕೆ ಬೆರಳೆಣಿಕೆಯಷ್ಟು ಸಲದ ಲೆಕ್ಕ ಹಿಡಿದಿರುತ್ತಾರೆ.

ಇನ್ನೊಂದು ಮಾತು. ಚಾರ್ಜ್ ಮಾಡುವ ನಿಕಲ್ ಸೆಲ್ 1.2 ವೋಲ್ಟ್, ಮಾಮೂಲಿ ಸೆಲ್ 1.5 ವೋಲ್ಟ್. ಮೂರು ಸೆಲ್ಲಿಗೆ ಹೆಚ್ಚುಕಡಿಮೆ ಒಂದು ವೋಲ್ಟ್ ಕಡಿಮೆಯಾಗುತ್ತದೆ. ಕೆಲವು ಲೈಟ್ ಇದರಿಂದ ಮಂಕಾಗುತ್ತವೆ, ಕೆಲವು ಹತ್ತುವುದೇ ಇಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಬಟನ್ ಸೆಲ್ಲಿನ ಲೈಟ್ ತರಲೇಬೇಡಿ. ಮಗು ಅದನ್ನು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ.

ಯುಎಸ್‌ಬಿ ಚಾರ್ಜಿಂಗ್ ಲೈಟ್. ಸೆಲ್ ಖರ್ಚು ಉಳಿಯುತ್ತದೆ. ಅಯಸ್ಕಾಂತದ ಪಟ್ಟಿಯಿಂದ ಕಳಚುವಂಥದ್ದನ್ನೇ ಆರಿಸಿ. ಟೇಪಿನಿಂದ ನೇರ ಗೋಡೆಗೆ ಅಂಟುವುದಾದರೆ ಪ್ರತಿ ಸಲ ಚಾರ್ಜಿಗೆ ಕಿತ್ತಾಗಲೂ ಬಣ್ಣ ಕಿತ್ತು ಬರುತ್ತದೆ. ಬಾಡಿಗೆ ಮನೆಯವರಿಗೆ ನನ್ನ ಮೊದಲ ಸಲಹೆ ಇದೇ ಜಾತಿ.

ಹೋಲ್ಡರಿಗೆ ಹಾಕುವ ಸೆನ್ಸರ್ ಬಲ್ಬ್. ಮೆಟ್ಟಿಲು, ಹಿತ್ತಲ ಬಾಗಿಲು, ಕಾರು ನಿಲ್ಲಿಸುವ ಜಾಗಕ್ಕೆ ಚೆನ್ನ. ಮಲಗುವ ಕೋಣೆಗೆ ಬೇಡ, ಬೆಳಕು ತೀರಾ ಜಾಸ್ತಿ. ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ಯಾರೋ ಒಬ್ಬರು ಅಭ್ಯಾಸಬಲದಿಂದ ಆರಿಸಿಯೇ ಆರಿಸುತ್ತಾರೆ, ಆದ್ದರಿಂದ ಸ್ವಿಚ್ಚಿನ ಮೇಲೆ ಟೇಪ್ ಹಚ್ಚಿ.

ಕರೆಂಟ್ ಬಿಲ್ ಉಳಿಸಲು ಸೆನ್ಸರ್ ಬೇಕು ಎನ್ನುವವರಿಗೆ ಒಂದು ಲೆಕ್ಕ. ಹಳೆಯ ‘ಜೀರೋ ಬಲ್ಬ್’ ಹೆಸರಿಗೆ ಮಾತ್ರ ಜೀರೋ, ಎಳೆಯುವುದು ಸುಮಾರು 15 ವ್ಯಾಟ್. ರಾತ್ರಿ ಎಂಟು ಗಂಟೆ ಉರಿದರೆ ವರ್ಷಕ್ಕೆ 44 ಯೂನಿಟ್. ಅರ್ಧ ವ್ಯಾಟಿನ ಎಲ್‌ಇಡಿ ನೈಟ್ ಲೈಟ್ ಅಷ್ಟೇ ಹೊತ್ತು ಉರಿದರೂ ಒಂದೂವರೆ ಯೂನಿಟ್. ಅಂದರೆ ಪ್ಲಗ್ ಲೈಟ್ ರಾತ್ರಿಯಿಡೀ ಉರಿದರೂ ಜೇಬಿಗೇನೂ ಭಾರವಲ್ಲ. ಮರೆವಿನ ಕಾಯಿಲೆ ಇರುವವರು, ದೃಷ್ಟಿ ತುಂಬಾ ಕಡಿಮೆ ಇರುವವರು ಮನೆಯಲ್ಲಿದ್ದರೆ ತಟ್ಟನೆ ಹತ್ತಿ ತಟ್ಟನೆ ಆರುವ ಲೈಟಿಗಿಂತ ಸದಾ ಮಂದವಾಗಿ ಉರಿಯುವುದೇ ಮೇಲು.

## ಹಂತ 3: ಸೆನ್ಸರ್ ಯಾವುದು ಎಂದು ತಿಳಿಯಿರಿ

ಮನೆಬಳಕೆಗೆ ಸಿಗುವುದು ಮುಖ್ಯವಾಗಿ ಎರಡು: ಪಿಐಆರ್ ಮತ್ತು ಮೈಕ್ರೋವೇವ್. ಎರಡನೆಯದನ್ನು ಅಂಗಡಿಯಲ್ಲಿ ‘ರೇಡಾರ್ ಸೆನ್ಸರ್’ ಎಂದೂ ಕರೆಯುತ್ತಾರೆ.

ಪಿಐಆರ್ ಲೈಟಿನ ಮುಂದೆ ಹಾಲಿನ ಬಣ್ಣದ ಚಿಕ್ಕ ಗುಮ್ಮಟ ಇರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಅದರಲ್ಲಿ ಸಣ್ಣ ಸಣ್ಣ ಮನೆಗಳು ಕಾಣುತ್ತವೆ. ಒಂದೊಂದೂ ಒಂದು ಪುಟ್ಟ ಲೆನ್ಸ್. ಮುಂದಿನ ಜಾಗವನ್ನು ಅವು ಬೀಸಣಿಗೆಯ ಮಡಿಕೆಗಳ ಹಾಗೆ ಪಟ್ಟಿ ಪಟ್ಟಿಯಾಗಿ ಹಂಚಿಕೊಂಡಿರುತ್ತವೆ. ನಮ್ಮ ಮೈಶಾಖ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಒಳಗಿನ ಸೆನ್ಸರಿಗೆ ಬದಲಾವಣೆ ಗೊತ್ತಾಗಿ ಲೈಟ್ ಹತ್ತುತ್ತದೆ. ಇಷ್ಟು ಅರ್ಥವಾದರೆ ಅರ್ಧ ದೂರುಗಳಿಗೆ ಉತ್ತರ ಸಿಕ್ಕಿದಂತೆ.

ಅಡ್ಡ ನಡೆದರೆ ಪಟ್ಟಿಗಳನ್ನು ಬೇಗ ಬೇಗ ದಾಟುತ್ತೇವೆ, ಲೈಟ್ ತಕ್ಷಣ ಹತ್ತುತ್ತದೆ. ಅದರ ಕಡೆಗೇ ನೇರ ನಡೆದು ಬಂದರೆ ಒಂದೇ ಪಟ್ಟಿಯಲ್ಲಿ ಉಳಿಯುತ್ತೇವೆ. ಮೂರು ಹೆಜ್ಜೆ ಹತ್ತಿರ ಬರುವವರೆಗೂ ಅದಕ್ಕೆ ನಾವು ಕಾಣುವುದೇ ಇಲ್ಲ. ಪ್ಯಾಸೇಜಿನ ತುದಿಯ ಗೋಡೆಗೆ ಅಂಟಿಸಿದವರ ಗೋಳು ಇದು. ಅದೇ ಲೈಟನ್ನು ಪಕ್ಕದ ಗೋಡೆಗೆ ಬದಲಿಸಿದರೆ ಸರಿಹೋಗುತ್ತದೆ.

ಅಲುಗಾಡದೆ ಕೂತರೆ ಲೈಟ್ ಆರುತ್ತದೆ. ಟಾಯ್ಲೆಟ್ಟಿನಲ್ಲಿ ಕೂತವರು ಕತ್ತಲಲ್ಲಿ ಕೈ ಬೀಸುತ್ತಾ ಇರಬೇಕಾಗುತ್ತದೆ. ಗಾಜಿನಾಚೆ ಇದು ಕೆಲಸ ಮಾಡದು, ಏಕೆಂದರೆ ಮೈಶಾಖದ ಕಿರಣ ಕಿಟಕಿ ಗಾಜನ್ನು ದಾಟುವುದಿಲ್ಲ. ಬೇಸಿಗೆಯಲ್ಲಿ ಅದು ಗುರುತಿಸುವ ದೂರವೂ ಕುಗ್ಗುತ್ತದೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇನಲ್ಲಿ ರಾತ್ರಿಯೂ ಗೋಡೆ ಕಾದಿರುತ್ತದೆ. ಮೈಯ ಬಿಸಿಗೂ ಗೋಡೆಯ ಬಿಸಿಗೂ ಅಂತರವೇ ಇಲ್ಲದಿದ್ದರೆ ಸೆನ್ಸರ್ ಏನನ್ನು ಗುರುತಿಸೀತು? ಡಿಸೆಂಬರಿನಲ್ಲಿ ಹದಿನೈದು ಅಡಿಗೆ ಹತ್ತುತ್ತಿದ್ದ ಲೈಟ್ ಮೇನಲ್ಲಿ ಹತ್ತಿರ ಹೋದರೆ ಮಾತ್ರ ಹತ್ತಬಹುದು. ಕೆಟ್ಟಿದೆ ಎಂದು ಎಸೆಯಬೇಡಿ.

ಮೈಕ್ರೋವೇವ್ ಸೆನ್ಸರಿಗೆ ಗುಮ್ಮಟ ಬೇಕಿಲ್ಲ, ಬಲ್ಬಿನೊಳಗೇ ಅಡಗಿರುತ್ತದೆ. ಅಲೆ ಬಿಟ್ಟು, ಅದು ವಾಪಸ್ ಬರುವುದರಲ್ಲಿನ ವ್ಯತ್ಯಾಸದಿಂದ ಚಲನೆ ಹಿಡಿಯುತ್ತದೆ. ಸೆಖೆಗೆ ಜಗ್ಗುವುದಿಲ್ಲ, ಚಿಕ್ಕ ಅಲುಗಾಟವನ್ನೂ ಬಿಡುವುದಿಲ್ಲ. ಅದೇ ಅದರ ದೋಷವೂ ಹೌದು. ಮರದ ಬಾಗಿಲು, ಪಿವಿಸಿ ಬಾಗಿಲು, ಗಾಜು, ತೆಳು ಗೋಡೆ ದಾಟಿ ನೋಡುತ್ತದೆ. ತಿರುಗುವ ಫ್ಯಾನ್ ಕಂಡರೆ ಆರುವುದೇ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಹೊರಗಿನ ಕಾರಿಡಾರಿನಲ್ಲಿ ಯಾರೋ ನಡೆದರೆ ನಿಮ್ಮ ಮನೆಯೊಳಗೆ ಲೈಟ್ ಹತ್ತುತ್ತದೆ.

ನನ್ನ ತೀರ್ಮಾನ ಇಷ್ಟು: ಕೋಣೆ, ಪ್ಯಾಸೇಜ್, ಅಡುಗೆಮನೆಗೆ ಪಿಐಆರ್. ಕಾಂಕ್ರೀಟ್ ಗೋಡೆಯ ಮೆಟ್ಟಿಲಿಗೆ, ಫ್ಯಾನ್ ಇಲ್ಲದ ಟಾಯ್ಲೆಟ್ಟಿಗೆ ಮೈಕ್ರೋವೇವ್.

## ಹಂತ 4: ಬೆಳಕು ಎಷ್ಟು, ಯಾವ ಬಣ್ಣ

ಬೆಳಕು ಕಾಲಿಗೆ ಬೇಕು, ಕಣ್ಣಿಗಲ್ಲ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಫಕ್ಕನೆ ಬಿಳಿ ಬೆಳಕು ಬಿದ್ದರೆ ಅದೆಲ್ಲ ಕ್ಷಣದಲ್ಲಿ ಹೋಗುತ್ತದೆ, ಲೈಟ್ ಆರಿದಾಗ ಮೊದಲಿಗಿಂತ ಜಾಸ್ತಿ ಕುರುಡಾಗುತ್ತೇವೆ. ಮುಗ್ಗರಿಸುವುದು ಆಗಲೇ.

ಡಬ್ಬಿಯ ಮೇಲೆ ಲುಮೆನ್ (ಎಷ್ಟು ಬೆಳಕು ಎನ್ನುವ ಅಳತೆ) ನೋಡಿ, ವ್ಯಾಟ್ ಅಲ್ಲ. ಮಂಚದ ಹತ್ತಿರ 5ರಿಂದ 10 ಲುಮೆನ್, ಪ್ಯಾಸೇಜಿಗೆ 15ರಿಂದ 30, ಮೆಟ್ಟಿಲಿಗೆ 30ರಿಂದ 50. ವಯಸ್ಸಾದವರ ಕಣ್ಣಿಗೆ ಬೆಳಕು ಕಡಿಮೆ ಇಳಿಯುವುದರಿಂದ ಅವರ ದಾರಿಗೆ ಎರಡರಲ್ಲಿ ದೊಡ್ಡ ಅಂಕಿಯನ್ನೇ ಹಿಡಿಯಿರಿ. ಲುಮೆನ್ ಬರೆಯದೆ ‘ಸೂಪರ್ ಬ್ರೈಟ್’ ಎಂದಷ್ಟೇ ಬರೆದಿದ್ದರೆ ಪಕ್ಕಕ್ಕಿಡಿ.

ಬಣ್ಣಕ್ಕೆ 2700ಕೆ ಅಥವಾ 3000ಕೆ (ಕೆ ಎಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ), ಅಂದರೆ ಹಳದಿ ಛಾಯೆಯ ವಾರ್ಮ್ ವೈಟ್. ನಮ್ಮ ಅಂಗಡಿಗಳಲ್ಲಿ ಕೇಳದೆ ಕೊಡುವುದು 6500ಕೆ ಕೂಲ್ ವೈಟ್. ಅದರಲ್ಲಿ ನೀಲಿ ಪಾಲು ಜಾಸ್ತಿ, ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನನ್ನು ನೀಲಿ ಬೆಳಕು ತಗ್ಗಿಸುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದವರಿಗೆ ಮತ್ತೆ ನಿದ್ದೆ ಬರಬೇಕಲ್ವಾ? ‘ವಾರ್ಮ್ ಕೊಡಿ’ ಎಂದು ಬಾಯಿಬಿಟ್ಟು ಕೇಳಿ.

## ಹಂತ 5: ಎಷ್ಟು ಹೊತ್ತು ಉರಿಯಬೇಕು

ಮಂಚದಿಂದ ಬಚ್ಚಲಿನ ಬಾಗಿಲಿಗೆ ಹಿರಿಯರು ಎಷ್ಟು ಸೆಕೆಂಡಿಗೆ ತಲುಪುತ್ತಾರೆ ಎಂದು ಮೊಬೈಲಿನಲ್ಲಿ ಅಳೆಯಿರಿ. ಅದರ ಎರಡರಷ್ಟು ಹೊತ್ತು ಲೈಟ್ ಉರಿಯಬೇಕು. ಅಗ್ಗದ ಸೆಲ್ ಲೈಟ್‌ಗಳಲ್ಲಿ ಈ ಸಮಯ 15-20 ಸೆಕೆಂಡಿಗೆ ಬಿಗಿದಿರುತ್ತದೆ, ಬದಲಿಸಲು ಬಾರದು. ದಾರಿ ಉದ್ದವಿದ್ದರೆ ಸಮಯ ಬದಲಿಸುವ ಗುಂಡಿ ಇರುವುದನ್ನು ತನ್ನಿ, ಇಲ್ಲವೇ ನಡುದಾರಿಯಲ್ಲಿ ಇನ್ನೊಂದು ಲೈಟ್ ಇಡಿ.

## ಹಂತ 6: ಅಂಗಡಿಯಲ್ಲಿ

ಚೀಟಿ ತೆಗೆದುಕೊಂಡು ಹೋಗಿ. ಮೂರರದ್ದೋ ಆರರದ್ದೋ ಪ್ಯಾಕ್ ಅಗ್ಗ ಎಂದು ಕೊಡಲು ನೋಡುತ್ತಾರೆ. ಬೇಡ, ಮೊದಲು ಒಂದೇ ತನ್ನಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಲೈಟನ್ನು ‘ಆಟೋ’ಗೆ ಇಟ್ಟು, ಗುಮ್ಮಟದ ಹತ್ತಿರ ಇರುವ ಬೆಳಕಿನ ಸೆನ್ಸರಿನ ಚಿಕ್ಕ ಕಣ್ಣನ್ನು ಬೆರಳಿನಿಂದ ಮುಚ್ಚಿ ಕೈ ಆಡಿಸಿ. ಎಷ್ಟೋ ಜನ ಹಗಲಲ್ಲಿ ನೋಡಿ ‘ಹತ್ತುವುದೇ ಇಲ್ಲ’ ಎಂದು ವಾಪಸ್ ಕೊಡುತ್ತಾರೆ. ಆಟೋದಲ್ಲಿ ಅದು ಕತ್ತಲೆ ಮತ್ತು ಚಲನೆ ಎರಡೂ ಇದ್ದರೆ ಮಾತ್ರ ಹತ್ತುವುದು. ಆನ್ ಮಾಡಿದ ಮೊದಲ ನಿಮಿಷ ಪಿಐಆರ್ ತನ್ನಷ್ಟಕ್ಕೆ ಹತ್ತಿ ಆರುವುದೂ ಮಾಮೂಲು, ಸ್ವಲ್ಪ ತಾಳಿ.

ಹೋಲ್ಡರಿಗೆ ಹಾಕುವ ಎಲ್‌ಇಡಿ ಬಲ್ಬಿಗೆ ಬಿಐಎಸ್ (ಸರಕುಗಳ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ) ನೋಂದಣಿ ಕಡ್ಡಾಯ. ಐಎಸ್ 16102 ಎಂಬ ಅಂಕಿಯ ಜೊತೆ ‘ಆರ್’ನಿಂದ ಶುರುವಾಗುವ ನೋಂದಣಿ ನಂಬರ್ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಐಪಿ ಅಂಕಿ ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುತ್ತದೆ: ಬಚ್ಚಲಿನ ನೀರು ಸಿಡಿಯುವ ಜಾಗಕ್ಕೆ ಐಪಿ44, ಮಳೆ ಬೀಳುವ ಹಿತ್ತಲಿಗೆ ಐಪಿ65 ಇರಲಿ.

## ಹಂತ 7: ಪೇಪರ್ ಟೇಪಿನಲ್ಲಿ ಅಂಟಿಸಿ ನೋಡಿ

ಕೂಡಲೇ ಗಟ್ಟಿ ಟೇಪ್ ಬಿಚ್ಚಬೇಡಿ. ಎರಡು ಮೂರು ರಾತ್ರಿ ಪೇಪರ್ ಟೇಪಿನಲ್ಲೇ ಇರಲಿ, ಜಾಗ ಬದಲಿಸುತ್ತಾ ನೋಡಿ.

ಮಂಚದ ಹತ್ತಿರ: ಲೈಟ್ ಮಂಚದ ಚೌಕಟ್ಟಿನ ಕೆಳಗೆ, ನೆಲ ನೋಡುವಂತೆ ಇರಬೇಕು. ಆಗ ಮಗ್ಗುಲು ಬದಲಿಸಿದ್ದು ಅದಕ್ಕೆ ಕಾಣದು, ಪಾದ ಇಳಿದಾಗ ಮಾತ್ರ ಹತ್ತುತ್ತದೆ. ಸೊಳ್ಳೆಪರದೆ ಕಟ್ಟುವ ಮನೆಯಲ್ಲಿ ಪರದೆಯ ಅಂಚು ಸೆನ್ಸರಿನ ಮುಂದೆ ಇಳಿಬಿದ್ದಿಲ್ಲ ಎಂದು ನೋಡಿ. ಈಗಿನ ಸ್ಟೋರೇಜ್ ಮಂಚಕ್ಕೆ ಕೆಳಗೆ ಜಾಗವೇ ಇರುವುದಿಲ್ಲ. ಅಂಥಲ್ಲಿ ಪಕ್ಕದ ಗೋಡೆಗೆ ನೆಲದಿಂದ ಒಂದಡಿ ಎತ್ತರದಲ್ಲಿ ಅಂಟಿಸಿ, ಹಾಸಿಗೆಯ ಕಡೆಗಿರುವ ಅರ್ಧ ಗುಮ್ಮಟಕ್ಕೆ ಕಪ್ಪು ಟೇಪ್ ಹಚ್ಚಿ. ಮುಚ್ಚಿದ ಭಾಗಕ್ಕೆ ಏನೂ ಕಾಣುವುದಿಲ್ಲ. ಬೆಕ್ಕಿರುವ ಮನೆಗೂ ಇದೇ ಉಪಾಯ: ಮೂರಡಿ ಎತ್ತರಕ್ಕೆ ಏರಿಸಿ, ಗುಮ್ಮಟದ ಕೆಳಭಾಗ ಮುಚ್ಚಿ.

ಮೆಟ್ಟಿಲಿಗೆ ಮೇಲೊಂದು, ಕೆಳಗೊಂದು ಬೇಕೇ ಬೇಕು. ಒಂದೇ ಲೈಟ್ ಇದ್ದರೆ ಇಳಿಯುವವರು ಎರಡು ಮೆಟ್ಟಿಲು ಕತ್ತಲಲ್ಲೇ ಇಳಿದ ಮೇಲೆ ಹತ್ತುತ್ತದೆ. ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆಯೇ ಹತ್ತಬೇಕು. ಬೆಳಕು ಪಕ್ಕದಿಂದ ಬಿದ್ದು ಮೆಟ್ಟಿಲಿನ ಅಂಚು ಎದ್ದು ಕಾಣಬೇಕು.

ದೇವರಮನೆಯ ಎದುರು ಪಿಐಆರ್ ಇಡಬೇಡಿ. ನಂದಾದೀಪದ ಕುಡಿ ಗಾಳಿಗೆ ಅಲುಗಾಡಿದಾಗಲೆಲ್ಲ ಅದಕ್ಕೆ ಬಿಸಿ ಅಲುಗಾಡಿದಂತೆ. ಫ್ರಿಜ್ಜಿನ ಹಿಂಬದಿ, ಎಸಿಯ ಗಾಳಿ ಬೀಸುವ ಕಡೆಯೂ ಬೇಡ.

## ಹಂತ 8: ಗಟ್ಟಿಯಾಗಿ ಕೂರಿಸಿ

ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಗೆ ಡಬಲ್ ಸೈಡ್ ಟೇಪ್ ನಿಲ್ಲದು, ಪುಡಿಯ ಸಮೇತ ಉದುರುತ್ತದೆ. ಬಾಗಿಲ ಚೌಕಟ್ಟು, ಟೈಲ್ಸ್ ಅಂಚು, ಕಪಾಟಿನ ಪಕ್ಕ ಆರಿಸಿ. ಒಣಬಟ್ಟೆಯಿಂದ ಒರೆಸಿ, ಮೊದಲು ಲೈಟ್ ಕೂರುವ ಪಟ್ಟಿ ಮಾತ್ರ ಅಂಟಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಲೈಟಿನ ಭಾರ ಹಾಕುವುದು ಮರುದಿನ. ವೈರಿಂಗ್ ಬೇಕಾದ ಸೆನ್ಸರ್ ಆದರೆ ಎಲೆಕ್ಟ್ರಿಷಿಯನ್ ಕರೆಸಿ. ಅವರು ಕೆಲಸ ಶುರುಮಾಡುವ ಮುಂಚೆ ಎಂಸಿಬಿಯ ಜೊತೆ ಇನ್ವರ್ಟರನ್ನೂ ಆಫ್ ಮಾಡಿ. ಮೇನ್ ಇಳಿಸಿದರೂ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

## ಕೈಕೊಟ್ಟಾಗ ಏನು ನೋಡಬೇಕು

ಕತ್ತಲಾದರೂ ಹತ್ತುತ್ತಿಲ್ಲ: ಬೀದಿದೀಪ, ಟಿವಿ ಬಾಕ್ಸಿನ ಬೆಳಕು ಬೀಳುತ್ತಿರಬಹುದು. ಲೈಟನ್ನು ಸ್ವಲ್ಪ ತಿರುಗಿಸಿ. ಆಮೇಲೆ ಸೆಲ್ ನೋಡಿ.

ಹತ್ತಿ ಆರಿ, ಹತ್ತಿ ಆರಿ ಮಿಟುಕುತ್ತಿದೆ: ತನ್ನದೇ ಬೆಳಕು ಬಿಳಿ ಗೋಡೆಗೆ ಬಡಿದು ವಾಪಸ್ ಬೀಳುತ್ತಿದೆ. ಅದಕ್ಕೆ ಹಗಲಾಯಿತು ಅನ್ನಿಸಿ ಆರುತ್ತದೆ, ಆರಿದ ಕೂಡಲೇ ಮತ್ತೆ ರಾತ್ರಿ. ಗೋಡೆಯ ಮೂಲೆಯಿಂದ ಒಂದಡಿ ಆಚೆ ಸರಿಸಿ. ಎರಡು ನೈಟ್ ಲೈಟ್ ಎದುರುಬದುರು ಇಟ್ಟರೂ ಇದೇ ಆಟ.

ಯಾರೂ ಇಲ್ಲದೆ ಹತ್ತುತ್ತಿದೆ: ಬಿಸಿಗಾಳಿ, ಫ್ಯಾನಿಗೆ ಹಾರಾಡುವ ಕರ್ಟನ್, ಗುಮ್ಮಟದ ಮೇಲೆಯೇ ಹರಿದಾಡುವ ಹಲ್ಲಿ. ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಹಲ್ಲಿ ಬರುತ್ತದೆ. ಉರಿಯುವ ಸಮಯ ಕಡಿಮೆ ಮಾಡಿದರೆ ಈ ಕಾಟವೂ ಕಡಿಮೆ.

ತಕ್ಷಣ ತೆಗೆಯಬೇಕಾದ್ದು: ಪ್ಲಗ್ ಮುಟ್ಟಿದರೆ ಸುಡುವಷ್ಟು ಬಿಸಿ, ಸುಟ್ಟ ವಾಸನೆ, ಕಂದು ಬಣ್ಣಕ್ಕೆ ತಿರುಗಿದ ಪಿನ್, ಚರ್‌ಚರ್ ಸದ್ದು. ಚಾರ್ಜಿಂಗ್ ಲೈಟಿನ ಹೊಟ್ಟೆ ಉಬ್ಬಿದ್ದರೆ ಒಳಗೆ ಲಿಥಿಯಂ ಬ್ಯಾಟರಿ ಊದಿದೆ ಎಂದರ್ಥ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ. ಮಾಮೂಲಿ ಕಸಕ್ಕೂ ಎಸೆಯದೆ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ.

ಸೆಲ್ ಲೈಟಿನೊಳಗೆ ಬಿಳಿ ಪುಡಿ ಕಂಡರೆ ಸೆಲ್ ಸೋರಿದೆ. ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿಯನ್ನು ವಿನೆಗರಿನಲ್ಲಿ ಅದ್ದಿ ತಗಡಿನ ಪಟ್ಟಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ. ಮೂರನ್ನೂ ಒಟ್ಟಿಗೆ ಬದಲಿಸಿ, ಹಳೆಯದೊಂದು ಹೊಸದೆರಡು ಬೆರೆಸಿದರೆ ಹಳೆಯದು ಮತ್ತೆ ಸೋರುತ್ತದೆ. ತಿಂಗಳಿಗೊಮ್ಮೆ ಗುಮ್ಮಟದ ಮೇಲಿನ ಧೂಳು ಒಣಬಟ್ಟೆಯಲ್ಲಿ ಒರೆಸಿ. ಅಡುಗೆಮನೆಯ ಲೈಟಿಗೆ ಒಗ್ಗರಣೆಯ ಜಿಡ್ಡು ಕೂರುತ್ತದೆ, ಅದಕ್ಕೆ ಸ್ವಲ್ಪ ಸೋಪುನೀರು ಸೋಕಿಸಿ ಚೆನ್ನಾಗಿ ಹಿಂಡಿದ ಬಟ್ಟೆ ಬೇಕು.